ಹಾರ ಹಾಕಬಾರದಿದ್ದ ಚಿತ್ರ

ಚಿತ್ರಮೇಳದವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಇಲ್ಲಿ ಕಾಗದದ ಮೇಲೆ ಬರೆದ ಚಿತ್ರಗಳಿಗಷ್ಟೇ ಜಾಗ, ಯಾವುದಕ್ಕೂ ಗಾಜು ಹಾಕುವಂತಿಲ್ಲ. ಹಾಗಾಗಿ ಗೋಕಾಕದ ಆ ಕಲ್ಯಾಣ ಮಂಟಪದ ಗೋಡೆಯಲ್ಲಿ ಸುಜಾತಾ ಇದ್ದಿಲಿನಿಂದ ಬರೆದ ಅವಳ ಅಪ್ಪ ಸೋಮಪ್ಪ ಆಳೆತ್ತರಕ್ಕೆ, ಬರೀ ಕಾಗದವಾಗಿ ತೂಗುತ್ತಿದ್ದ.

ಮಹಾಪೂರದ ವರ್ಷ ಹೊಳೆದಂಡೆಯ ಎಮ್ಮೆಗಳ ಹಗ್ಗ ಬಿಚ್ಚಲು ಹೋದವನು ಅವನು. ಎಮ್ಮೆಗಳು ಈಜಿ ದಡ ಸೇರಿದವು. ಅವನು ಸೇರಲಿಲ್ಲ, ಹೆಣವೂ ಸಿಗಲಿಲ್ಲ. ಅಂದಿನಿಂದ ಹುಕ್ಕೇರಿಯ ಮನೆಯಲ್ಲಿ ಅವನ ದಿವಸ ಮಾಡಿಲ್ಲ, ಗೋಡೆಗೆ ಫೋಟೋ ಏರಿಸಿಲ್ಲ. ಹೆಂಡತಿ ಕೆಂಪವ್ವ ಹಣೆಯ ಕುಂಕುಮ ಅಳಿಸಿಲ್ಲ. ಬಂಧುಗಳು ಆಡಿಕೊಂಡರು, ಸಾಕಾಗಿ ಸುಮ್ಮನಾದರು. ಸುಜಾತಾ ಮಾತ್ರ ಅಪ್ಪ ಈಗ ಹೇಗಿರಬಹುದೋ ಹಾಗೆ, ತಲೆ ನರೆಸಿ, ಕೆನ್ನೆ ಇಳಿಸಿ ಬರೆದಿದ್ದಳು.

ಅದನ್ನು ನೋಡಲು ಅವ್ವ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ಸುಜಾತಾ ಹೊರಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಮೂಡಲಗಿಯ ಕಾಕಾ ಉದ್ದಪ್ಪ ಕೆಲಸ ಮುಗಿಸಿದ್ದ. ಅಣ್ಣನ ಚಿತ್ರಕ್ಕೆ ಸೇವಂತಿಗೆ ಹಾರ. ಹಣೆಗೆ ಮೂರು ಬೆರಳಿನ ವಿಭೂತಿ, ಕಾಗದದ ಮೇಲೆಯೇ! ಊದಿನಕಡ್ಡಿ ಸಿಗಿಸಲು ಜಾಗ ಹುಡುಕುತ್ತಿದ್ದ ಪುಣ್ಯಾತ್ಮ.

"ಕಾಕಾ! ಏನ್ ಮಾಡಿದ್ರಿ ಇದು?"

"ಗ್ವಾಡಿಗಿ ಹಾಕೀದಿ ಅಂದ್ರ ನಿನ್ನ ಮನಸ್ಸು ಒಪ್ತು ಅಂದ್ಕೊಂಡೆ ಯವ್ವಾ. ಜೀವಂತ ಇದ್ದವ್ರದು ಯಾರರ ಇಷ್ಟು ದೊಡ್ಡದು ತೂಗ ಹಾಕ್ತಾರೇನು?"

"ಅವ್ವ ಬರಾಕತ್ತಾಳ್ರಿ! ಇದನ್ನ ನೋಡಿದ್ರ ಅಕಿ ಉಳೀತಾಳೇನು?"

ಉದ್ದಪ್ಪನ ಮುಖ ಬಿಳಿಚಿಕೊಂಡಿತು. ಸುಜಾತಾ ಹಾರ ಕಿತ್ತಳು. ರಬ್ಬರು ಹಿಡಿದು ವಿಭೂತಿ ತೆಗೆಯಲು ಹೋದಳು. ಒರೆಸಿದಷ್ಟೂ ರಾಡಿಯಾಯಿತು, ವಿಭೂತಿಯ ಜೊತೆ ಅಪ್ಪನ ಒಂದು ಹುಬ್ಬೂ ಎದ್ದು ಬಂತು. ಕಾಕಾನ ಮೇಲೆ ಸಿಟ್ಟು, ಚಿತ್ರವನ್ನು ಇಲ್ಲಿಗೆ ತಂದ ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು.

"ವೈನಿ ಬಂದ್ರು," ಎಂದ ಉದ್ದಪ್ಪ ಬಾಗಿಲಲ್ಲಿ ಕಂಡ ಅತ್ತಿಗೆಯ ಕಡೆ ನೋಡುತ್ತ.

ಸುಜಾತಾ ಹಾರವನ್ನು ಬೆನ್ನ ಹಿಂದೆ ಮರೆಮಾಡಿದಳು. ಕೆಂಪವ್ವ ಯಾರನ್ನೂ ಮಾತಾಡಿಸದೆ ನೆಟ್ಟಗೆ ಚಿತ್ರದ ಮುಂದೆ ಬಂದು ನಿಂತಳು.

"ಕೂದ್ಲಾ ಬೆಳ್ಳಗ ಮಾಡೀದಿ."

"ಈಗ ಹಂಗ ಇರತಾನಲ್ಲವ್ವ, ಅಪ್ಪ."

ಕೆಂಪವ್ವ ತಿರುಗಿದಳು. ಚಿತ್ರ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಮಗಳ ಮುಖ ನೋಡಿದಳು.

"ಹಾರಾ ಕೊಡ."

"ಯಾವ ಹಾರಾ?"

"ಬೆನ್ನ ಹಿಂದ ಹಿಡದೀಯಲ್ಲ, ಅದು."

"ವೈನಿ, ತಪ್ಪು ನಂದರಿ..." ಎಂದು ಉದ್ದಪ್ಪ ಬಾಯಿ ಹಾಕಿದ.

"ನೀವು ಸುಮ್ಮನಿರ್ರಿ."

ಸುಜಾತಾ ಹಿಡಿತ ಬಿಡಲಿಲ್ಲ. "ಬ್ಯಾಡವ್ವ. ಇಷ್ಟು ವರ್ಷ ಕಾಯ್ದೀಯಲ್ಲ ನೀ!"

"ನಾ ಎಲ್ಲಿ ಕಾಯ್ದೆ? ಎಮ್ಮಿ ಬಂದ್ವು, ಅವ್ರು ಬರಲಿಲ್ಲ. ಅವತ್ತ ನನಗ ಗೊತ್ತಾತು." ಕೆಂಪವ್ವ ಹಣೆ ಮುಟ್ಟಿ ತೋರಿಸಿದಳು. "ಈ ಕುಂಕುಮ ಅಳಿಸಿದ್ರ ನೀ ತಡಕೊಳ್ಳಾಕಿಲ್ಲ ಅಂತ ದಿನಾ ಮುಂಜಾನೆ ಹಚ್ಕೊಳ್ಳಾಕತ್ತೇನಿ, ಮಗಳ. ಇನ್ನ ನನ್ನ ಕಡಿಂದ ಆಗಂಗಿಲ್ಲ."

ಅಪ್ಪ ಬರುವುದಿಲ್ಲವೆಂದು ಸುಜಾತಾಳಿಗೂ ಎಂದೋ ಗೊತ್ತಿತ್ತು. ಅವ್ವನಿಗಾಗಿ ತಾನು, ತನಗಾಗಿ ಅವ್ವ! ಒಂದೇ ಮನೆಯಲ್ಲಿದ್ದು ಒಬ್ಬರಿಗಾಗಿ ಒಬ್ಬರು ಅದೇ ಸುಳ್ಳನ್ನು ಕಾಪಾಡುತ್ತ ಬಂದಿದ್ದರು.

ಸುಜಾತಾ ಹಾರವನ್ನು ಅವ್ವನ ಕೈಗಿಟ್ಟಳು. ಉದ್ದಪ್ಪ ಕುರ್ಚಿ ತಂದಿಟ್ಟ. ತಾಯಿ ಕೆಳಗಿನಿಂದ ಎತ್ತಿಕೊಟ್ಟಳು, ಮಗಳು ಹತ್ತಿ ನಿಂತು ಹಾರವನ್ನು ಮೊಳೆಗೆ ಸಿಗಿಸಿದಳು. ಮಹಾಪೂರದ ವರ್ಷವೂ ಅಳದವಳು ಆ ಕುರ್ಚಿಯ ಮೇಲೆಯೇ, ಅಷ್ಟು ಜನರ ಎದುರು, "ಅಪ್ಪಾ" ಎಂದು ಬಾಯಿಬಿಟ್ಟು ಅತ್ತಳು.