ಅಬಲೂರಿನ ಸೊನ್ನೆ

ಮುಂಬರುವ ಅತಿವೃಷ್ಟಿಯನ್ನು ಊರೂರಿನ ಮಟ್ಟಕ್ಕೆ ಅಂದಾಜಿಸುವ ಕಂಪ್ಯೂಟರ್ ಮಾದರಿಯನ್ನು ತನುಜಾ ಹಳೆಯ ಮಳೆಗಳ ಮೇಲೆ ಪರೀಕ್ಷಿಸುತ್ತಿದ್ದಳು. ಐದು ವರ್ಷದ ಹಿಂದೊಂದು ಸಂಜೆ ಅಬಲೂರಿನಲ್ಲಿ ಭಾರಿ ಮಳೆಯಾಗಿತ್ತೆಂದು ಅದು ಹಟ ಹಿಡಿದಿತ್ತು. ಊರಿನ ಮಳೆಮಾಪಕದ ವಹಿಯಲ್ಲಿ ಮಾತ್ರ ಸೊನ್ನೆ. ಮಾದರಿಯೇ ತಪ್ಪೆಂದು ಜೊತೆಯವರೆಲ್ಲ ಕೈಬಿಟ್ಟರು. ಆ ಮಳೆಯನ್ನು ನಂಬಿದವಳು ತಾನೊಬ್ಬಳೇ ಎಂದುಕೊಂಡು ಅವಳು ಅಬಲೂರಿಗೆ ಬಂದಳು.

ವಹಿ ಬರೆಯುವ ದಾನವ್ವ ಒಂಟಿ ಮುದುಕಿ. “ಅವತ್ತ ಆಣಿಕಲ್ಲು ಬಿದ್ದುವ್ರಿ. ಸರ್ಕಾರದ ಮಾಪಕ ಒಡದೀತಂತ ಅದರ ಮ್ಯಾಲ ಕೊಪ್ಪರಿಗಿ ಬೋರಲ ಹಾಕಿ ಮುಚ್ಚಿದ್ನಿ. ಮುಂಜಾನಿ ನೋಡಿದ್ರ ಒಳಗ ಹನಿ ನೀರಿಲ್ಲ. ಸುಳ್ಳ ಹೆಂಗ ಬರೀಲಿ?”

“ಹಂಗಾರ ಮಳಿ ಆಗಿತ್ತಲ್ರಿ, ಅವ್ವಾ!” ತನುಜಾ ಕುಣಿಯುವುದೊಂದು ಬಾಕಿ.

ದಾನವ್ವ ತನ್ನ ಮನೆಯ ಕುಸಿದ ಗೋಡೆಯತ್ತ ನೋಡಿದಳು. “ಈ ಗ್ವಾಡಿ ಅವತ್ತ ಬಿತ್ರಿ. ಪರಿಹಾರ ಕೇಳಾಕ ಹೋದ್ರ, ಮಳೀನ ಆಗಿಲ್ಲ, ಹೆಂಗ ಬಿತ್ತು ಅಂದ್ರು ಸಾಹೇಬ್ರು. ನಾ ಬರದ ಸೊನ್ನೀನ ನನಗ ತೋರ್ಸಿದ್ರು.”