ಬಿಳಿ ಪದರದ ಗುಳಿ

ಬಂದವರ ಚಹಾಕ್ಕೆಂದು ತಂದ ಹಾಲಿನ ಪ್ಯಾಕೆಟ್ಟುಗಳನ್ನು ಫ್ರಿಜ್ಜಿಗೆ ತುರುಕುತ್ತಿದ್ದ ಮಗಳ ಕೈ ಅಲ್ಲೇ ನಿಂತಿತು. ಕೆಳಗಿನ ಅರೆಯಲ್ಲಿ ಅಗಲವಾದ ಟ್ರೇ. ಅಡಿಯಲ್ಲಿ ಕಂದು ಪದರ, ಅದರ ಮೇಲೆ ಬಿಳಿ. ಮೇಲೆ ಬರಬೇಕಿದ್ದ ಕೆಂಪು ಇರಲಿಲ್ಲ. ಅಮ್ಮನ ಫಡ್ಜ್ ಮಿಠಾಯಿ, ಅರ್ಧಕ್ಕೇ ನಿಂತದ್ದು. ಅದನ್ನು ನೋಡಿ ಅಳು ಬರಬೇಕಿತ್ತು, ಬರಲಿಲ್ಲ. ಬಿಳಿಯ ಒಂದು ಮೂಲೆಯಲ್ಲಿ ಯಾರೋ ಚಮಚ ಹಾಕಿ ತೆಗೆದ ಗುಳಿ ಇತ್ತು.

ಅಮ್ಮ ತಾನು ಮಾಡಿದ್ದರ ರುಚಿ ನೋಡುತ್ತಿರಲಿಲ್ಲ. ಕೇಳಿದರೆ, ಕೈಗೆ ಅಳತೆ ಗೊತ್ತು, ಬಾಯಿಗೇಕೆ ಕೆಲಸ ಎನ್ನುತ್ತಿದ್ದಳು. ಗುರುವಾರ ಸಂಜೆ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಮಗಳು ಮನೆಗೆ ಬಂದಾಗ, ಅಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತಂತೆಯೇ ತಣ್ಣಗಾಗಿದ್ದಳು. ಹೃದಯ ನಿಂತು ಮೂರ್ನಾಲ್ಕು ಗಂಟೆಯಾಗಿದೆ ಎಂದರು ಡಾಕ್ಟರು. ಹೋಗುವಾಗ ಒಬ್ಬಳೇ ಇದ್ದಳು ಎಂದು ಎರಡು ದಿನದಿಂದ ಬಂದವರಿಗೆಲ್ಲ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಈಗ ಈ ಗುಳಿ ಬೇರೆಯೇ ಮಾತಾಡುತ್ತಿತ್ತು.

ಟ್ರೇಯನ್ನು ಹಿಂದಕ್ಕೆ ತಳ್ಳಿ ನಡುಮನೆಗೆ ಬಂದಳು. ಅಮ್ಮನನ್ನು ಮಲಗಿಸಿದ್ದ ಪೆಟ್ಟಿಗೆಯ ಸುತ್ತ ಜನ ಸೇರಿದ್ದರು. ಚಿಕ್ಕಮ್ಮ ಸೆರಗು ಎಳೆದು ಪಕ್ಕಕ್ಕೆ ಕರೆದಳು.

"ಬಾಗಿಲ ಹತ್ರ ನಿಂತಿದಾನಲ್ಲ, ಕೋಟಿನ ಜೇಬು ನೋಡು. ಬಾಟ್ಲಿ. ಸಾವಿನ ಮನೆಗೂ ತರ್ತಾರೆ ಅಂದ್ರೆ ಏನು ಹೇಳೋಣ."

ಮಗಳಿಗೆ ಅವನ ಗುರುತಿತ್ತು. ಅಮ್ಮ ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತಿದ್ದ ಸೋಡಾ ಅಂಗಡಿಯಲ್ಲಿ ಯಂತ್ರ ರಿಪೇರಿ ಮಾಡಿ ಸಿಲಿಂಡರು ಬದಲಿಸುತ್ತಿದ್ದವನು. ಎಲ್ಲರ ಬಾಯಲ್ಲೂ ಗ್ಯಾಸಣ್ಣ. ಅಂಗಡಿ ಮುಚ್ಚಿದ ಈ ಹದಿನೈದು ವರ್ಷದಲ್ಲಿ ಅಮ್ಮನ ಮಾತಿನಲ್ಲಿ ಆ ಹೆಸರು ಬಂದದ್ದನ್ನು ಅವಳು ಕೇಳಿರಲಿಲ್ಲ. ಹೆಸರು ಬಾರದ್ದೇ ಈಗ ಅನುಮಾನಕ್ಕೆ ಎಡೆಯಾಯಿತು. ಅಮ್ಮ ಫಡ್ಜ್ ಮಾಡುವ ಗುರುವಾರಗಳಂದು ಸಿಂಕಿನಲ್ಲಿ ಎರಡು ಚಮಚ ಇರುತ್ತಿದ್ದವು. ಒಮ್ಮೆ ಕೇಳಿದ್ದಕ್ಕೆ, ಒಂದು ಕೈಜಾರಿ ಬಿತ್ತು, ಇನ್ನೊಂದು ತಗೊಂಡೆ ಎಂದಿದ್ದಳು ಅಮ್ಮ. ಪ್ರತಿ ಗುರುವಾರವೂ ಚಮಚ ಬೀಳುತ್ತದೆಯೇ?

ಗ್ಯಾಸಣ್ಣ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಗೋಡೆಗೆ ಒತ್ತಿಕೊಂಡೇ ಸರಿಯುತ್ತ ಅಡುಗೆಮನೆ ಹೊಕ್ಕ. ಅಲ್ಲಿನ ದೀಪದ ಸ್ವಿಚ್ಚು ಬಾಗಿಲ ಬಳಿ ಇಲ್ಲ, ಬೀರುವಿನ ಹಿಂದೆ. ಹೊಸಬರು ಗೋಡೆಯನ್ನೆಲ್ಲ ತಡವುತ್ತಾರೆ. ಅವನು ನೋಡದೆಯೇ ಕೈ ಹಾಕಿ ದೀಪ ಹಚ್ಚಿದ. ಚಿಕ್ಕಮ್ಮ ಹುಬ್ಬೇರಿಸಿ ಮಗಳ ಮುಖ ನೋಡಿದಳು.

ಮಗಳು ಹಿಂದೆಯೇ ಹೋಗಿ ಬಾಗಿಲು ಹಾಕಿದಳು.

"ಗುರುವಾರ ಬಂದಿದ್ರಾ?"

"ಬಂದಿದ್ದೆ."

ಅವನು ಮುಚ್ಚಿಡುತ್ತಾನೆ ಎಂದುಕೊಂಡಿದ್ದಳು.

"ಅಮ್ಮ ಹೋದಾಗ ಇಲ್ಲೇ ಇದ್ರಾ?"

"ಇದ್ದಿದ್ರೆ ಬಿಟ್ಟು ಹೋಗ್ತಿದ್ನೇನಮ್ಮಾ?" ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಚೆರ್ರಿ ಸಿರಪ್ಪು, ಮುಚ್ಚಳ ಒಡೆದಿರಲಿಲ್ಲ. "ಕೆಂಪಿಗೆ ಸಿರಪ್ಪು ಮುಗಿದಿತ್ತು. ಬಿಳೀದು ಗಟ್ಟಿಯಾಗೋಕೆ ಒಂದು ಗಂಟೆ ಬೇಕಲ್ಲ, ಅಷ್ಟರಲ್ಲಿ ತರ್ತೀನಿ ಅಂತ ಹೋದೆ. ಮೂರು ಅಂಗಡಿ ಸುತ್ತಿದೆ. ವಾಪಸ್ ಬಂದು ಹಿಂದಿನ ಬಾಗಿಲು ತಟ್ಟಿದ್ರೆ ಉತ್ತರ ಇಲ್ಲ. ಕಣ್ಣು ಹತ್ತಿರಬೇಕು ಅಂದ್ಕೊಂಡೆ. ಜೋರಾಗಿ ತಟ್ಟಬಹುದಿತ್ತು. ತಟ್ಲಿಲ್ಲ. ಪಕ್ಕದ ಮನೆಯವ್ರು ಏನಂದ್ಕೋತಾರೋ ಅಂತ."

ಹೊರಗೆ ಕುರ್ಚಿಗಳನ್ನು ಮಡಚುವ ಸದ್ದು ಕೇಳಿತು.

ಹಿಂದಿನ ಬಾಗಿಲಿಂದ ಯಾಕೆ ಬರಬೇಕಿತ್ತು ಎಂದು ಕೇಳಿದಳು ಮಗಳು. ಅಕ್ಕ ಹಾಗೆ ಹೇಳಿದ್ದರು ಎಂದ; ಅಮ್ಮನನ್ನು ಅವನು ಅಕ್ಕ ಎನ್ನುತ್ತಿದ್ದ. ಆಮೇಲೆ ಬಾಟಲಿಯ ಕೊರಳು ಸವರುತ್ತ, ತಲೆ ಎತ್ತದೆ ಹೇಳಿದ: "ಅಕ್ಕನಿಗೆ ರುಚಿ ಗೊತ್ತಾಗ್ತಿರಲಿಲ್ಲ. ವಾಸನೆನೂ ಇಲ್ಲ. ಹನ್ನೆರಡು ವರ್ಷದಿಂದ. ಆ ಒಂದು ತಿಂಗಳ ಜ್ವರ ಬಂತಲ್ಲ, ಅದು ಎರಡನ್ನೂ ತಗೊಂಡು ಹೋಯ್ತು. ಮಾಡಿದ್ದನ್ನ ನಾನು ನಾಲಿಗೆಗಿಟ್ಟು ಹೇಳ್ತಿದ್ದೆ."

*

ಹನ್ನೆರಡು ವರ್ಷದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಕನ್ನಡಕದ ಅಂಗಡಿಯವರೆಲ್ಲ ಮನೆಗೆ ಬಂದಿದ್ದರು. ಅಮ್ಮ ಜ್ವರದಿಂದ ಎದ್ದು ಹದಿನೈದು ದಿನವೂ ಆಗಿರಲಿಲ್ಲ. ಆದರೂ ಟ್ರೇ ಹಿಡಿದಿದ್ದಳು. ಸೋಡಾ ಅಂಗಡಿಯ ಉದ್ದ ಗಾಜಿನ ಲೋಟದಲ್ಲಿ ಚಾಕಲೇಟು, ವೆನಿಲಾ, ಮೇಲೆ ಚೆರ್ರಿ ನಿಲ್ಲಿಸಿ ಸೋಡಾ ಹಾರಿಸಿ ಕೊಡುತ್ತಿದ್ದಳಲ್ಲ, ಅಂಗಡಿ ಮುಚ್ಚಿದ ಮೇಲೆ ಅದನ್ನೇ ಒಲೆ ಹಚ್ಚದೆ ಮಾಡುವ ಫಡ್ಜ್ ಆಗಿಸಿದ್ದಳು. ಕೋಕೋ ಬೆರೆಸಿದ ಬಿಸ್ಕತ್ತಿನ ಪುಡಿಯನ್ನು ಬೆಣ್ಣೆಯಲ್ಲಿ ಕಲಸಿ ಅಡಿಗೆ. ಹಾಲಿನ ಪುಡಿ, ಸಕ್ಕರೆ ಪುಡಿ, ವೆನಿಲಾ ನಡುವೆ. ಅದರಲ್ಲಿ ನಾಲಿಗೆ ಸ್ವಲ್ಪ ಜುಮ್ಮೆನ್ನಲು ಚಿಟಿಕೆ ಅಡುಗೆ ಸೋಡಾ, ಚಿಟಿಕೆ ನಿಂಬೆ ಉಪ್ಪು. ಒಂದು ಕಾಳು ಹೆಚ್ಚಾದರೂ ಕಹಿ. ಒಂದೊಂದು ಪದರ ಗಟ್ಟಿಯಾಗುವ ತನಕ ಕಾದು ಮೇಲಿನದನ್ನು ಸುರಿಯಬೇಕು.

ಅಂದು ಎಲ್ಲರೂ ಬಾಯಿಗಿಟ್ಟು ಸುಮ್ಮನಾದರು. ಒಬ್ಬಳು ಕರವಸ್ತ್ರಕ್ಕೆ ಉಗುಳಿದಳು. ಕೆಂಪು ಪದರಕ್ಕೆ ಚೆರ್ರಿ ಬದಲು ಕೆಮ್ಮಿನ ಔಷಧಿ ಬಿದ್ದಿತ್ತು. ಎರಡು ಬಾಟಲಿಯೂ ಒಂದೇ ಗೂಡಿನಲ್ಲಿ, ಒಂದೇ ಬಣ್ಣ. ಅಮ್ಮ ಒಂದು ತುಂಡು ತಿಂದು, "ಯಾಕೆ, ಚೆನ್ನಾಗೇ ಇದೆಯಲ್ಲ" ಎಂದಳು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂದೆ ಎಷ್ಟೋ ವರ್ಷ ಯಾರ ಮನೆಗೆ ಹೋದರೂ ಕೆಮ್ಮಿನ ಮಿಠಾಯಿಯ ಕತೆ ಹೇಳದೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅಮ್ಮನೇ ನಗುತ್ತಿದ್ದಳು. ಮಗಳು ಮನೆಯಲ್ಲಿದ್ದಾಗ ಅಡುಗೆಮನೆಗೆ ಒಳಗಿನಿಂದ ಚಿಲಕ ಬೀಳಲು ಶುರುವಾದದ್ದು ಆಮೇಲೆ. ತನಗೆ ಕಲಿಸಲು ಅಮ್ಮನಿಗೆ ಮನಸ್ಸಿಲ್ಲ ಎಂದುಕೊಂಡಳು ಮಗಳು. ತಾನೂ ಹಟಕ್ಕೆ ಬಿದ್ದು ಮತ್ತೆ ಕೇಳಲಿಲ್ಲ.

*

"ನನ್ನನ್ನ ಕೇಳಬಹುದಿತ್ತಲ್ಲ," ಎಂದಳು. "ಒಂದೇ ಮನೇಲಿ ಇದ್ವಿ. ನನ್ನ ನಾಲಿಗೆ ಏನಾಗಿತ್ತು?"

ಗ್ಯಾಸಣ್ಣ ಬಾಟಲಿಯನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದ. ಹೇಳಲೋ ಬೇಡವೋ ಎಂದು ಅಳೆಯುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು.

"ಕೇಳ್ತೀನಿ ಕೇಳ್ತೀನಿ ಅಂತ ಎಷ್ಟೋ ಸಲ ಅಂದ್ರು. ಆಮೇಲೆ, ಬೇಡ ಗ್ಯಾಸಣ್ಣ, ಅವಳು ನಗ್ತಾಳೆ, ಅಂತಿದ್ರು."

ಮಗಳು ಫ್ರಿಜ್ಜಿನ ಬಾಗಿಲು ತೆರೆದು ಟ್ರೇಯತ್ತ ನೋಡಿದಳು. ಹೊರಗಿನಿಂದ ಚಿಕ್ಕಮ್ಮ ಎರಡು ಸಲ ಕೂಗಿದಳು. ಬಾಗಿಲ ಹೊರಗೆ ಯಾರೋ ಪಿಸುಗುಟ್ಟಿದರು.

"ಗುರುವಾರ ಹೇಗಿತ್ತು?" ಎಂದು ಕೇಳಿದಳು. "ಬಿಳೀದು."

"ಸರಿಯಾಗಿತ್ತು. ಏನೂ ಹೇಳೋ ಹಾಗಿರಲಿಲ್ಲ. ಸರಿಯಾಗಿದೆ ಅಕ್ಕಾ ಅಂದೆ. ನಿಜ ಹೇಳ್ತಿದೀಯಾ ಅಂತ ಎರಡು ಸಲ ಕೇಳಿದ್ರು."

*

ವ್ಯಾನಿನೊಳಗೆ ಪೆಟ್ಟಿಗೆಯ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಬೆಂಚು. ಉಳಿದವರಿಗೆ ಹಿಂದೆ ಬಸ್ಸು. ಮಗಳು ಹತ್ತಿ ಕೂತಳು. ಚಿಕ್ಕಮ್ಮ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಾಗಿತ್ತು.

"ಚಿಕ್ಕಮ್ಮಾ, ನೀವು ಬಸ್ಸಲ್ಲಿ ಬನ್ನಿ."

"ಮತ್ತೆ ಇಲ್ಲಿ ಯಾರು ಕೂರ್ತಾರೆ?"

ಮಗಳು ಜನರ ತಲೆಗಳ ಮೇಲಿಂದ ನೋಡಿದಳು. ಗ್ಯಾಸಣ್ಣ ಗೇಟಿನಾಚೆ, ಬೀದಿಯ ಎದುರು ಬದಿಯಲ್ಲಿ, ಯಾರಿಗೋ ಕಾಯುತ್ತಿರುವವನಂತೆ ನಿಂತಿದ್ದ. ಅವಳು ಎಲ್ಲರಿಗೂ ಕೇಳುವ ಹಾಗೆ ಅವನನ್ನು ಕೂಗಿದಳು. ಜನ ತಿರುಗಿ ನೋಡಿದರು. ಅವನು ಬೇಡವೆಂದು ಕೈಯಾಡಿಸಿದ. ಅವಳು ಮತ್ತೆ ಕೂಗಿದಳು. ದಾರಿ ಬಿಟ್ಟ ಜನರ ನಡುವೆ ತಲೆ ತಗ್ಗಿಸಿ ಬಂದು, ಚಿಕ್ಕಮ್ಮ ಕಾಲು ತೆಗೆಯುವ ತನಕ ಕಾದು, ಹತ್ತಿದ.

ಬೆಂಚಿನ ತುದಿಯಲ್ಲಿ, ಅರ್ಧ ಮಾತ್ರ ತಾಗಿಸಿ ಕೂತ. ಪೆಟ್ಟಿಗೆಗೆ ಮೊಣಕಾಲು ತಗಲದಂತೆ ಮುದುಡಿಕೊಂಡ. ಬೀದಿಯ ಕೊನೆಯಲ್ಲಿ ವ್ಯಾನು ಗಕ್ಕನೆ ತಿರುಗಿತು. ಪೆಟ್ಟಿಗೆ ಒಂದು ಗೇಣು ಜಾರಿತು. ಇಬ್ಬರ ಕೈಗಳೂ ಒಟ್ಟಿಗೇ ಚಾಚಿ ಅದನ್ನು ಹಿಡಿದವು. ರಸ್ತೆ ನೇರವಾದ ಮೇಲೂ ಯಾರೂ ಕೈ ತೆಗೆಯಲಿಲ್ಲ.