ಕರಡಿಯ ಜೇನು ಮತ್ತು ಏಳುನೂರು ಮನೆ

ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಬರೀ ಊರು ಎಂದಿಟ್ಟುಕೊಳ್ಳೋಣ. ಮಾತು ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ ಎಂಬುದನ್ನೇ ಕಲಿಸುವ ವಿದ್ಯಾಪೀಠವೊಂದು ಅಲ್ಲಿತ್ತು. ಅಲ್ಲಿನ ಪದ್ಧತಿ ಬಲು ಗಟ್ಟಿ. ಸಂಶೋಧನೆ ಮುಗಿಸಿದವರು ಅದನ್ನು ಸಂತೆಯಲ್ಲಿ ನಿಂತು ಓದಬೇಕು. ಯಾರ ವಿಷಯ ಬರೆದಿದೆಯೋ ಅವರು ಒಪ್ಪಿದರೆ ಪದವಿ, ಇಲ್ಲವೆಂದರೆ ಇಲ್ಲ.

ಅಲ್ಲಿನ ವಿದ್ಯಾರ್ಥಿನಿ ಮುಂಗುಸಿ, ಆಮೆ ಮೇಷ್ಟ್ರ ಕೈಕೆಳಗೆ ಆರು ವರ್ಷ ದುಡಿದಳು. ಅವಳ ವಿಷಯ ಒಂದು ಗಾಳಿಮಾತು: ಕರಡಿ ಮಾರುವ ಜೇನು ತಿಂದರೆ ಕಿವಿ ಕೆಪ್ಪಾಗುತ್ತದಂತೆ. ಇದು ಯಾರಿಂದ ಯಾರಿಗೆ ದಾಟಿತು? ಅಬ್ಬಾ, ಅವಳ ಶ್ರದ್ಧೆಯೇ! ಬಿಸಿಲೆನ್ನದೆ ಮಳೆಯೆನ್ನದೆ ಏಳುನೂರು ಮನೆಗಳ ಬಾಗಿಲು ತಟ್ಟಿದಳು. ಎಲ್ಲೆಡೆ ಒಂದೇ ಪ್ರಶ್ನೆ: "ಕರಡಿಯ ಜೇನು ತಿಂದರೆ ಕೆಪ್ಪಾಗುತ್ತದೆ ಅನ್ನುವುದನ್ನು ಕೇಳಿದ್ದೀರಾ?" ಉತ್ತರಗಳನ್ನು ತಾರೀಖು ಹಾಕಿ ಬರೆದಳು. ಅದೇ ಮನೆಗಳಿಗೆ ಮರಳಿ ಹೋಗಿ ಮತ್ತೆ ಕೇಳಿದಳು.

ಕೊನೆಯ ವರ್ಷ ಹಾಳೆಗಳನ್ನು ನೆಲದ ತುಂಬ ಹರಡಿ, ಎರಡೂ ಸಲದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಮೊದಲ ಸಲ ಆ ಮಾತು ಗೊತ್ತಿದ್ದದ್ದು ಮೂರೇ ಮನೆಯವರಿಗೆ. ಎರಡನೆಯ ಸಲ ಎಲ್ಲರಿಗೂ ಗೊತ್ತು. ಅದನ್ನು ಊರಿಗೆಲ್ಲ ಹಂಚಿದವಳು ತಾನೇ!

"ಕೆಟ್ಟೆ, ಮೇಷ್ಟ್ರೇ," ಎಂದಳು.

ಆಮೆ ಹಾಳೆಗಳನ್ನು ಒಂದೊಂದಾಗಿ ನೋಡಿದರು. "ಇದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ ಕಣಮ್ಮ. ಬಚ್ಚಿಟ್ಟರೆ ಯಾರಿಗೂ ತಿಳಿಯದು. ಓದಿದರೆ ಕರಡಿ ಒಪ್ಪುತ್ತಾನೆಯೇ?"

"ಒಪ್ಪದಿದ್ದರೆ ಬೇಡ. ಸುಳ್ಳು ಓದಿ ಪಡೆದ ಪದವಿ ಇಟ್ಟುಕೊಂಡು ಯಾರಿಗೆ ಪಾಠ ಹೇಳಲಿ?"

ಮೇಷ್ಟ್ರು ಹೆಮ್ಮೆಯಿಂದ ಲೇಖನಿಯನ್ನು ಅವಳ ಕೈಗಿಟ್ಟರು. "ಹಾಗಾದರೆ, ಆ ಪ್ರಶ್ನೆ ತಿದ್ದಿಕೊಟ್ಟವನು ನಾನು ಅಂತಲೂ ಬರೆ," ಎಂದರು.

ಸಂತೆಯಲ್ಲಿ ಮುಂಗುಸಿ ಒಂದಕ್ಷರ ಬಿಡದೆ ಓದಿದಳು. ನಿನ್ನೆಯವರೆಗೆ ಆ ಮಾತನ್ನು ಬಾಯಿ ಚಪ್ಪರಿಸಿ ಆಡಿದವರೆಲ್ಲ ಈಗ ಅವಳನ್ನು ಬಾಯಿಗೆ ಬಂದಂತೆ ಬೈದರು. ಕಡೆಗೆ ಕರಡಿ ಎದ್ದ.

"ಏಳುನೂರು ಮನೆಗೆ ಹೋದೆಯಲ್ಲ ತಾಯಿ, ನನ್ನ ಮನೆಗೆ ಯಾಕೆ ಬರಲಿಲ್ಲ? ಮಾರಾಟವಾಗದ ಜೇನನ್ನೆಲ್ಲ ತಿಂದವನು ನಾನು. ನೋಡು, ನನ್ನ ಕಿವಿ ನೆಟ್ಟಗಿದೆ. ಒಂದು ದಿನದ ಕೆಲಸಕ್ಕೆ ಆರು ವರ್ಷ!"

ಮುಂಗುಸಿ ತಲೆ ತಗ್ಗಿಸಿದಳು. ಪದವಿ ಹೋಯಿತೆಂದೇ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಆದರೂ ತನ್ನ ತಪ್ಪನ್ನು ತಾರೀಖು ಸಮೇತ ಬರೆದಿಟ್ಟವರನ್ನು ನಾನು ಕಂಡದ್ದು ಇದೇ ಮೊದಲು," ಎಂದ ಕರಡಿ. "ಕೊಡಿ ಇವಳಿಗೆ ಪದವಿ." ಎಲ್ಲರೆದುರೇ ಅವಳ ಬಾಯಿಗೆ ಒಂದು ಚಮಚ ಜೇನು ಹಾಕಿದ.

ಮಾರನೆಯ ಬೆಳಗ್ಗೆ ಕರಡಿಯ ಬಾಗಿಲಲ್ಲಿ ಊರೇ ಸಾಲು ನಿಂತಿತ್ತು. ಅವಳು ಓದಿದ್ದು ಯಾರಿಗೂ ನೆನಪಿರಲಿಲ್ಲ. ಆದರೆ ಕರಡಿಯ ಜೇನು ತಿಂದರೆ ಪದವಿ ಸಿಗುತ್ತದಂತೆ ಎಂಬ ಮಾತು ಮಾತ್ರ ರಾತ್ರಿ ಬೆಳಗಾಗುವುದರೊಳಗೆ ಊರು ಸುತ್ತಿತ್ತು.

ಇದು ಎಲ್ಲಿ ಹುಟ್ಟಿತೆಂದು ತಿಳಿಯಲು ಮುಂಗುಸಿಯ ಜೀವ ಚಡಪಡಿಸಿತು. ಹಾಳೆ ತೆಗೆದು ಪ್ರಶ್ನೆಯನ್ನೂ ಬರೆದಳು. ಅಷ್ಟರಲ್ಲಿ, ಆರು ವರ್ಷದ ನಂತರ ಗಿರಾಕಿಗಳನ್ನು ಕಂಡು ನಗುತ್ತಿದ್ದ ಕರಡಿಯ ಮುಖ ಕಣ್ಣಿಗೆ ಬಿತ್ತು. ಯಾರನ್ನೂ ಏನೂ ಕೇಳದೆ, ಹಾಳೆ ಮಡಚಿ, ತೆಪ್ಪಗೆ ಸಾಲಿನ ಕೊನೆಯಲ್ಲಿ ನಿಂತಳು.

ಪದವಿ ಪಡೆದವಳೇ ನಿಂತಿರುವುದನ್ನು ಕಂಡು ಸಾಲು ಎರಡು ಪಟ್ಟಾಯಿತು.